ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್: ಬೇಲಿಯೇ ಹೊಲ ಮೇಯುವ ಕಾಯಿಲೆಗಳ ಚರಿತ್ರೆ

ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರು ಇದ್ದರೆ ಒಂದು ಪ್ರಶ್ನೆ ಕೇಳಿ ನೋಡಿ. 'ನಿಮ್ಮ ಕಾಲದಲ್ಲಿ ನಾಯಿ ಕಚ್ಚಿದರೆ ಏನು ಮಾಡ್ತಿದ್ರು?' ಬಹಳ ಜನರ ಕೈ ತಾನಾಗಿಯೇ ಹೊಟ್ಟೆ ಮೇಲೆ ಹೋಗುತ್ತದೆ. 'ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ತಿದ್ರು' ಅನ್ನುತ್ತಾರೆ.

ನಾವೂ ನಮ್ಮ ನಮ್ಮ ಮನೆಗಳಲ್ಲಿ ಇದನ್ನು ಕೇಳಿದೆವು. ಹದಿನಾಲ್ಕು ಇಂಜೆಕ್ಷನ್ನಿನ ಮಾತಿನ ಹಿಂದೆಯೇ ಇನ್ನೊಂದು ಮಾತೂ ಬಂತು. 'ಅದನ್ನ ತಗೊಂಡು ಕಾಲು ಹೋದೋರೂ ಇದ್ರು.'

ಹಳ್ಳಿಯ ಈ ಮಾತನ್ನು ಓದಿದವರು ನಕ್ಕು ಬಿಡುತ್ತಾರೆ. ನಗಬೇಕಾದ ಮಾತಲ್ಲ ಅದು, ಅದರಲ್ಲಿ ಸತ್ಯ ಇದೆ. ಆದರೆ ಅರ್ಧ ಸತ್ಯ ಮಾತ್ರ. ಉಳಿದ ಅರ್ಧ ಗೊತ್ತಿಲ್ಲದೆ ಇವತ್ತಿಗೂ ನಾಯಿ ಕಚ್ಚಿದವರು ಇಂಜೆಕ್ಷನ್‌ಗೆ ಹೆದರಿ ನಾಟಿ ಔಷಧಿಗೆ ಹೋಗುತ್ತಿದ್ದಾರೆ. ಜ್ವರ ಬಿಟ್ಟು ಹತ್ತು ದಿನಕ್ಕೆ ಕಾಲು ಸೋತವರನ್ನು 'ಗಾಳಿ ಸೋಕಿದೆ' ಎಂದು ಮನೆಯಲ್ಲೇ ಮಲಗಿಸಲಾಗುತ್ತಿದೆ. ಹಾಗಾಗಿ ಆ ಉಳಿದ ಅರ್ಧವನ್ನು ಬರೆಯಲು ಹೊರಟಿದ್ದೇವೆ. ಕಥೆ ಸ್ವಲ್ಪ ಉದ್ದ ಇದೆ. ಪ್ಯಾರಿಸ್‌ನಿಂದ ಹೊರಟು ಹಿಮಾಚಲದ ಕಸೌಲಿ, ಬ್ಯಾಂಕಾಕ್, ಚೀನಾದ ಹಳ್ಳಿಗಳನ್ನು ಸುತ್ತಿ ನಮ್ಮೂರಿಗೇ ವಾಪಸ್ ಬರುತ್ತದೆ.

ಮೊದಲು ಮೂರು ಹೆಸರು

ನಮ್ಮ ಮಿದುಳಿನಿಂದ ಕಾಲಿನ ಬೆರಳಿನವರೆಗೆ ಕರೆಂಟು ಹರಿಯುವ ಹಾಗೆ ಸಂದೇಶ ಹರಿಯುತ್ತದೆ. ನರ ಎಂದರೆ ವೈರು. ಪಂಪ್‌ಸೆಟ್ಟಿನ ವೈರಿಗೆ ಮೇಲೊಂದು ರಬ್ಬರ್ ಹೊದಿಕೆ ಇರುವಂತೆ ನರಕ್ಕೂ ಕೊಬ್ಬಿನ ಹೊದಿಕೆ ಇದೆ. ಅದಕ್ಕೆ ಮಯಲಿನ್ ಎಂದು ಹೆಸರು. ಇಲಿ ಕಡಿದು ಹೊದಿಕೆ ಹೋದ ವೈರಿನಿಂದ ಮೋಟರು ಸರಿಯಾಗಿ ಓಡುವುದಿಲ್ಲ. ಹೊದಿಕೆ ಕಳಚಿದ ನರದಿಂದ ಕಾಲೂ ಓಡುವುದಿಲ್ಲ.

ಈ ಹೊದಿಕೆಯನ್ನು ಕಡಿಯುವ ಇಲಿ ಯಾವುದು ಎಂಬುದೇ ನಮ್ಮ ಕಥೆ. ಹೊರಗಿನ ವೈರಸ್ಸಿನ ವಿರುದ್ಧ ಹೋರಾಡಲು ಎದ್ದ ನಮ್ಮದೇ ರೋಗನಿರೋಧಕ ಶಕ್ತಿ, ವೈರಸ್ ಹೋದ ಮೇಲೂ ಸುಮ್ಮನಾಗದೆ ನಮ್ಮದೇ ನರವನ್ನು ಕಡಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಬೇಲಿ ಎಲ್ಲಿ ಮೇಯುತ್ತದೆ ಎಂಬುದರ ಮೇಲೆ ಕಾಯಿಲೆಯ ಹೆಸರು ಬದಲಾಗುತ್ತದೆ. ಬೆನ್ನುಹುರಿಯಿಂದ ಹೊರಬಂದು ಕೈಕಾಲಿಗೆ ಹೋಗುವ ನರಗಳಲ್ಲಿ ಆದರೆ ಗೀಯನ್-ಬಾರೆ ಸಿಂಡ್ರೋಮ್. ಪತ್ರಿಕೆಗಳಲ್ಲಿ ಜಿಬಿಎಸ್ ಎಂದು ಬರುವುದು ಇದೇ. ಬೆನ್ನುಹುರಿಯ ಒಂದು ಪಟ್ಟಿಯಲ್ಲಿ ಆದರೆ ಟ್ರಾನ್ಸ್‌ವರ್ಸ್ ಮಯಲೈಟಿಸ್. ಮಿದುಳು, ಬೆನ್ನುಹುರಿ ಎರಡರಲ್ಲೂ ಅಲ್ಲಲ್ಲಿ ಆದರೆ ಅಡೆಮ್. ಇವು ಅಪರೂಪದ ಕಾಯಿಲೆಗಳು. ಮೂರರಲ್ಲಿ ಹೆಚ್ಚು ಕಾಣಿಸುವ ಜಿಬಿಎಸ್ ಕೂಡ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು. ಆದರೂ ಆರು ಕೋಟಿ ದಾಟಿದ ನಮ್ಮ ರಾಜ್ಯಕ್ಕೆ ಈ ಲೆಕ್ಕ ಹಚ್ಚಿದರೆ ವರ್ಷಕ್ಕೆ 600ಕ್ಕಿಂತ ಹೆಚ್ಚು ಮನೆಗಳು.

ಕಲ್ಲು ಹಾಸುವ ಕೂಲಿಕಾರ, ಇಬ್ಬರು ಸಿಪಾಯಿಗಳು

1859ರಲ್ಲಿ ಫ್ರಾನ್ಸಿನ ಆಕ್ಟೇವ್ ಲಾಂಡ್ರಿ ಎಂಬ ವೈದ್ಯ ಒಂದು ವಿಚಿತ್ರ ಲಕ್ವದ ಬಗ್ಗೆ ಬರೆದ. ಸಾಮಾನ್ಯ ಲಕ್ವ ದೇಹದ ಒಂದು ಮಗ್ಗುಲನ್ನು ಹಿಡಿಯುತ್ತದೆ. ಇದು ಹಾಗಲ್ಲ. ಎರಡೂ ಪಾದಗಳಲ್ಲಿ ಜೋಮಿನಿಂದ ಶುರುವಾಗಿ ತೊಡೆ, ಸೊಂಟ, ಎದೆ, ಕೈ ಎಂದು ಬಾವಿಯಲ್ಲಿ ನೀರು ಏರಿದಂತೆ ಏರುತ್ತದೆ. ಲಾಂಡ್ರಿ ವಿವರವಾಗಿ ಬರೆದ ರೋಗಿ ಬೀದಿಗೆ ಕಲ್ಲು ಹಾಸುವ ಒಬ್ಬ ಕೂಲಿಕಾರ. ಆತ ಉಸಿರಾಟ ನಿಂತು ತೀರಿಕೊಂಡ. ದೇಹ ಕೊಯ್ದು ನೋಡಿದರೂ ಅಂದಿನವರಿಗೆ ಕಾರಣ ಸಿಗಲಿಲ್ಲ. ಲಾಂಡ್ರಿ ಕೂಡ ಬಹಳ ದಿನ ಬದುಕಲಿಲ್ಲ. 1865ರ ಕಾಲರಾದಲ್ಲಿ ಬಡ ರೋಗಿಗಳನ್ನು ನೋಡಿಕೊಳ್ಳುತ್ತಾ ತನಗೂ ಅದೇ ತಗುಲಿ ತೀರಿಕೊಂಡ.

ಮುಂದಿನ ಹೆಜ್ಜೆ ಇಟ್ಟದ್ದು ಯುದ್ಧದ ನಡುವೆ. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಯ ವೈದ್ಯರಾದ ಗೀಯನ್, ಬಾರೆ ಮತ್ತು ಸ್ಟ್ರೋಲ್ ಎಂಬ ಮೂವರು 1916ರಲ್ಲಿ ಇಬ್ಬರು ಸಿಪಾಯಿಗಳನ್ನು ನೋಡಿದರು. ಇಬ್ಬರಿಗೂ ಕಾಲು ಸೋತಿತ್ತು. ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಎಗರುತ್ತಿರಲಿಲ್ಲ. ವೈದ್ಯರು ಬೆನ್ನಿನಿಂದ ನೀರು ತೆಗೆದು ನೋಡಿದರು. ಸೋಂಕು ಇದ್ದರೆ ಆ ನೀರಿನಲ್ಲಿ ಬಿಳಿ ರಕ್ತಕಣಗಳು ತುಂಬಿರಬೇಕು. ಇಲ್ಲಿ ಕಣಗಳೇ ಹೆಚ್ಚಿಲ್ಲ, ಆದರೆ ಪ್ರೋಟೀನ್ ಮಾತ್ರ ವಿಪರೀತ. ಇಂದಿಗೂ ಡಾಕ್ಟರು ಜಿಬಿಎಸ್ ಗುರುತಿಸಲು ನೋಡುವುದು ಇದನ್ನೇ. ಇಬ್ಬರೂ ಸಿಪಾಯಿಗಳು ಚೇತರಿಸಿಕೊಂಡರು. 1927ರಲ್ಲಿ ಈ ಕಾಯಿಲೆಗೆ ಹೆಸರಿಡುವಾಗ ಯಾಕೋ ಸ್ಟ್ರೋಲ್ ಹೆಸರು ಬಿಟ್ಟುಹೋಯಿತು.

ಇಲ್ಲೊಂದು ಮಾತು ಹೇಳಲೇಬೇಕು. 'ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತೆ' ಎಂದು ಹೆದರಿ ಪರೀಕ್ಷೆ ಬೇಡವೆನ್ನುವ ಮನೆಗಳು ನಮ್ಮಲ್ಲಿ ಬಹಳ ಇವೆ. ಸೂಜಿ ಹಾಕುವುದು ಸೊಂಟದ ಕೆಳಭಾಗದಲ್ಲಿ. ದೊಡ್ಡವರಲ್ಲಿ ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಮಕ್ಕಳಲ್ಲಿ ಇನ್ನೂ ಕೆಳಗೆ ಜಾಗ ನೋಡಿ ಹಾಕುತ್ತಾರೆ. ಪರೀಕ್ಷೆಯಾದ ಮೇಲೆ ಒಂದೆರಡು ದಿನ ತಲೆನೋವು ಬರಬಹುದು. ಕಾಲು ಹೋಗುವುದು ಕಾಯಿಲೆಯಿಂದ. ಅದಕ್ಕೇ ತಾನೇ ಪರೀಕ್ಷೆ ಮಾಡಲು ಬಂದದ್ದು.

ಕುರಿಯ ಮಿದುಳಿನ ಲಸಿಕೆ

ಈಗ ನಾಯಿ ಕಡಿತಕ್ಕೆ ಬರೋಣ.

1885ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನಿಗೆ ತನ್ನ ಲಸಿಕೆ ಕೊಡಿಸಿದ. ರೇಬಿಸ್ ಹಿಡಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ ಲಸಿಕೆ ಅದು. ಹುಡುಗ ಬದುಕಿದ. ಜಗತ್ತೇ ಪಾಶ್ಚರನನ್ನು ಕೊಂಡಾಡಿತು. ಆಮೇಲೆ ಸಾವಿರಾರು ಜನ ಆ ಲಸಿಕೆ ಪಡೆದರು. ಅವರಲ್ಲಿ ಬೆರಳೆಣಿಕೆಯ ಕೆಲವರಿಗೆ ಎರಡು ಮೂರು ವಾರದಲ್ಲಿ ಕಾಲು ಬಿದ್ದುಹೋಯಿತು.

ಇದು ನಾಯಿಯಿಂದ ಬಂದ ರೇಬಿಸ್ಸೋ, ಲಸಿಕೆಯಲ್ಲಿದ್ದ ರೇಬಿಸ್ಸೋ, ಬೇರೇನಾದರೂ ಇದೆಯೋ ಎಂಬ ಜಗಳ ದಶಕಗಟ್ಟಲೆ ನಡೆಯಿತು.

ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿ ಪಾಶ್ಚರ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ದಕ್ಷಿಣದವರಿಗೆ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು ಆಯಿತು. ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ಸೇನಾ ವೈದ್ಯ 1911ರಲ್ಲಿ ಹೊಸ ವಿಧಾನ ತಂದ. ರೇಬಿಸ್ ಹೊಕ್ಕ ಪ್ರಾಣಿಯ ಮಿದುಳನ್ನು ಅರೆದು, ಫೀನಾಲ್ ಬೆರೆಸಿ ವೈರಸ್ಸನ್ನು ಕೊಂದು, ಆ ದ್ರವವನ್ನೇ ಲಸಿಕೆಯಾಗಿ ಕೊಡುವುದು. ಮಾಡಲು ಸುಲಭ, ಅಗ್ಗ, ದೂರದ ಊರಿಗೂ ಕಳಿಸಬಹುದು. ಮುಂದೆ ಇದಕ್ಕೆ ಕುರಿಯ ಮಿದುಳನ್ನೇ ಹೆಚ್ಚಾಗಿ ಬಳಸಿದರು.

ಪ್ರತಿದಿನ ಕೊಡಬೇಕಾದ ಪ್ರಮಾಣ ದೊಡ್ಡದು. ತೋಳಿನಲ್ಲಿ ಅಷ್ಟು ಜಾಗ ಇಲ್ಲ. ಹೊಟ್ಟೆಯ ಚರ್ಮದ ಕೆಳಗೆ ಜಾಗ ಇದೆ. ಹೊಕ್ಕುಳ ಸುತ್ತ ಚುಚ್ಚುವ ಪದ್ಧತಿ ಬಂದದ್ದು ಹೀಗೆ. ಕಡಿತ ದೊಡ್ಡದಾಗಿದ್ದರೆ ಹದಿನಾಲ್ಕು ದಿನ ಬಿಡದೆ ಆಸ್ಪತ್ರೆಗೆ ಹೋಗಬೇಕು. ಕೂಲಿ ಬಿಟ್ಟು, ಬಸ್ ಇಲ್ಲದ ಊರಿನಿಂದ ನಡೆದು, ಊದಿಕೊಂಡ ಹೊಟ್ಟೆಯ ಮೇಲೆಯೇ ಮತ್ತೆ ಚುಚ್ಚಿಸಿಕೊಳ್ಳಬೇಕು. ಅಜ್ಜಂದಿರ ಕೈ ಇವತ್ತಿಗೂ ಹೊಟ್ಟೆಯ ಮೇಲೆ ಹೋಗುವುದರಲ್ಲಿ ಆಶ್ಚರ್ಯ ಏನಿದೆ?

ಆ ಲಸಿಕೆ ಲಕ್ಷಾಂತರ ಜೀವ ಉಳಿಸಿತು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಡೀ ಜಗತ್ತಿನಲ್ಲೇ ಬೆರಳೆಣಿಕೆ. ಹಾಗಾಗಿ ಬೇರೆ ದಾರಿ ಇರಲಿಲ್ಲ. ಆದರೆ ಪಡೆದವರಲ್ಲಿ ಕೆಲವು ನೂರಕ್ಕೊಬ್ಬರಿಗೋ ಕೆಲವು ಸಾವಿರಕ್ಕೊಬ್ಬರಿಗೋ ನರ, ಬೆನ್ನುಹುರಿ ಅಥವಾ ಮಿದುಳಿಗೆ ಪೆಟ್ಟು ಬೀಳುತ್ತಿತ್ತು. 'ಕಾಲು ಹೋದೋರೂ ಇದ್ರು' ಎಂದ ಹಿರಿಯರು ಸುಳ್ಳು ಹೇಳಿರಲಿಲ್ಲ.

ಮಂಗಗಳು ಕೊಟ್ಟ ಉತ್ತರ

ಜಗಳ ಬಗೆಹರಿದದ್ದು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಇನ್‌ಸ್ಟಿಟ್ಯೂಟ್‌ನಲ್ಲಿ. ಥಾಮಸ್ ರಿವರ್ಸ್ ಎಂಬ ವಿಜ್ಞಾನಿ ಸರಳವಾಗಿ ಯೋಚಿಸಿದ. ತಪ್ಪು ವೈರಸ್ಸಿನದೋ ಮಿದುಳಿನದೋ ತಿಳಿಯಬೇಕಾದರೆ ವೈರಸ್ಸನ್ನೇ ಬಿಟ್ಟು ನೋಡೋಣ.

ಯಾವ ರೋಗವೂ ಇಲ್ಲದ ಮೊಲದ ಮಿದುಳನ್ನು ಅರೆದು, ಅದನ್ನು ಮಂಗಗಳಿಗೆ ಮತ್ತೆ ಮತ್ತೆ ಚುಚ್ಚಿದರು. ರೇಬಿಸ್ ಇಲ್ಲ, ಸೋಂಕೂ ಇಲ್ಲ. ಆದರೂ ಕೆಲವು ಮಂಗಗಳ ಕೈಕಾಲು ಸೋತವು. ಅವುಗಳ ಮಿದುಳನ್ನು ಪರೀಕ್ಷಿಸಿದಾಗ ನರದ ಹೊದಿಕೆ ಕಳಚಿಹೋಗಿತ್ತು. ಇದು 1933ರಿಂದ 1935ರ ನಡುವಿನ ಕೆಲಸ.

ಅಂದರೆ ಲಸಿಕೆಯಲ್ಲಿದ್ದ ಸತ್ತ ವೈರಸ್ ಕಾಲನ್ನು ಕಸಿದಿರಲಿಲ್ಲ. ಅದರ ಜೊತೆ ಬಂದ ಕುರಿಯ ನರದ ಹೊದಿಕೆಯೇ ಕಾರಣ. 'ಇದು ಹೊರಗಿನದು, ಹೊಡೆ' ಎಂದು ದೇಹ ಕಲಿಯಿತು. ಕುರಿಯ ಹೊದಿಕೆಯೂ ಮನುಷ್ಯನ ಹೊದಿಕೆಯೂ ನೋಡಲು ಹೆಚ್ಚುಕಡಿಮೆ ಒಂದೇ. ಕುರಿಯದನ್ನು ಹೊಡೆಯಲು ಕಲಿತದ್ದು ನಮ್ಮದನ್ನೂ ಹೊಡೆಯಿತು.

1955ರಲ್ಲಿ ಅಮೆರಿಕದ ವಾಕ್ಸ್‌ಮನ್ ಮತ್ತು ಆಡಮ್ಸ್ ಮಿದುಳಿನ ಬದಲು ಕಾಲಿನ ನರವನ್ನು ಬಳಸಿ ಮೊಲಗಳಲ್ಲಿ ಇದೇ ಪ್ರಯೋಗ ಮಾಡಿದರು. ಈ ಸಲ ಮಿದುಳು ಉಳಿಯಿತು, ಕೈಕಾಲಿನ ನರಗಳು ಹೋದವು. ಥೇಟ್ ಜಿಬಿಎಸ್. ಯಾವ ವೈರನ್ನು ತೋರಿಸಿ ಬೈಗುಳ ಕಲಿಸಿದರೋ ಆ ವೈರಿಗೇ ಪೆಟ್ಟು.

ಜ್ವರ ಹೋದ ಮೇಲೆ

ಹಾಗಾದರೆ ಲಸಿಕೆಯನ್ನೇ ಪಡೆಯದೆ, ಬರೀ ಜ್ವರ ಬಂದು ಹೋದವರಿಗೆ ಯಾಕೆ ಹೀಗಾಗುತ್ತದೆ? ಅವರಿಗೆ ಯಾರೂ ಕುರಿಯ ಮಿದುಳು ಚುಚ್ಚಿಲ್ಲವಲ್ಲ.

ಇದಕ್ಕೆ ಸುಳಿವು ಸಿಕ್ಕಿದ್ದು ದಡಾರದಲ್ಲಿ. ದಡಾರ ಬಂದ ಸುಮಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ, ದದ್ದು ಇಳಿಯುವ ಹೊತ್ತಿಗೆ, ಮಿದುಳು ಮತ್ತು ಬೆನ್ನುಹುರಿಯ ಊತ ಬರುತ್ತದೆ. ರಿಚರ್ಡ್ ಜಾನ್ಸನ್ ಮತ್ತು ಸಂಗಡಿಗರು ದಕ್ಷಿಣ ಅಮೆರಿಕದ ಪೆರು ದೇಶದ ಲಿಮಾ ನಗರದಲ್ಲಿ ಇಂಥ ರೋಗಿಗಳನ್ನು ಪರೀಕ್ಷಿಸಿ 1984ರಲ್ಲಿ ವರದಿ ಮಾಡಿದರು. ಮಿದುಳಿನಲ್ಲಿ ದಡಾರದ ವೈರಸ್ ಹುಡುಕಿದರೆ ಸಿಗಲಿಲ್ಲ. ಆದರೆ ನರದ ಹೊದಿಕೆಯ ಒಂದು ಪ್ರೋಟೀನಿನ ಮೇಲೆ ದೇಹದ ರಕ್ಷಣಾ ಕಣಗಳು ತಿರುಗಿಬಿದ್ದಿದ್ದವು.

ಮೂರು ವರ್ಷದ ನಂತರ ಥಾಯ್ಲೆಂಡಿನ ಥಿರಾವತ್ ಹೇಮಚುಧ ಇದೇ ತಂಡದ ಜೊತೆ ಸೇರಿ ಸೆಂಪಲ್ ಲಸಿಕೆ ಪಡೆದು ನರ ಕೆಟ್ಟ ಜನರನ್ನು ಪರೀಕ್ಷಿಸಿದರು. ಅವರಲ್ಲೂ ಪೆಟ್ಟು ಅದೇ ಪ್ರೋಟೀನಿನ ಮೇಲೆ. ನಾಯಿ ಕಚ್ಚಿ ಲಸಿಕೆ ಪಡೆದ ರೈತನೂ ದಡಾರ ಬಂದ ಮಗುವೂ ಬೇರೆ ಬೇರೆ ಬಾಗಿಲಿನಿಂದ ಒಂದೇ ಕೋಣೆಗೆ ಬಂದಿದ್ದರು.

ಬಾಗಿಲು ತೆರೆಯುವುದು ವೈರಸ್ ಮಾತ್ರ ಅಲ್ಲ. 1990ರ ಆಸುಪಾಸಿನಲ್ಲಿ ಉತ್ತರ ಚೀನಾದ ಹೆಬೈ ಪ್ರಾಂತ್ಯದ ಹಳ್ಳಿಗಳಿಂದ ಪ್ರತಿ ಬೇಸಿಗೆಯಲ್ಲಿ ಕೈಕಾಲು ಸೋತ ಮಕ್ಕಳು ಆಸ್ಪತ್ರೆಗೆ ಬರುತ್ತಿದ್ದರು. ಮೊದಲು ಪೋಲಿಯೋ ಎಂದುಕೊಂಡರು. ಚೀನಾ ಮತ್ತು ಅಮೆರಿಕದ ವೈದ್ಯರು ಕೂಡಿ ನೋಡಿದಾಗ ಅದು ಜಿಬಿಎಸ್ಸಿನ ಒಂದು ಬಗೆ ಎಂದು ತಿಳಿಯಿತು. ಬಹಳ ಮಕ್ಕಳಿಗೆ ಅದಕ್ಕೂ ಮೊದಲು ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದ ಸೋಂಕು ಆಗಿತ್ತು. ಕೋಳಿಗಳ ಕರುಳಿನಲ್ಲಿ ಇರುವ, ಕೆಟ್ಟ ನೀರು ಮತ್ತು ಬೇಯದ ಮಾಂಸದಿಂದ ಭೇದಿ ತರುವ ಬ್ಯಾಕ್ಟೀರಿಯ ಇದು. ಜಪಾನಿನ ನೊಬುಹಿರೊ ಯೂಕಿ ಮತ್ತು ಸಂಗಡಿಗರು 1993ರಲ್ಲಿ ಇದರ ಗುಟ್ಟು ಬಿಡಿಸಿದರು. ಆ ಬ್ಯಾಕ್ಟೀರಿಯದ ಮೈಮೇಲಿನ ಒಂದು ಅಂಶವೂ ನಮ್ಮ ನರದ ಮೇಲಿನ ಒಂದು ಅಂಶವೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿವೆ. ಕಳ್ಳನ ಅಂಗಿಯ ಬಣ್ಣ ನೋಡಿ ಗುರುತಿಟ್ಟುಕೊಂಡ ಕಾವಲುಗಾರ, ಅದೇ ಬಣ್ಣದ ಅಂಗಿ ತೊಟ್ಟ ಮನೆಮಗನಿಗೂ ಹೊಡೆದ ಹಾಗೆ.

ಇದು ಹಳೆಯ ಮಾತಲ್ಲ. 2025ರ ಜನವರಿಯಲ್ಲಿ ನಮ್ಮ ಪಕ್ಕದ ಪುಣೆಯಲ್ಲಿ, ಸಿಂಹಗಡ ರಸ್ತೆಯ ಸುತ್ತಮುತ್ತ, ಕೆಲವೇ ವಾರಗಳಲ್ಲಿ 200ಕ್ಕಿಂತ ಹೆಚ್ಚು ಜನರಿಗೆ ಜಿಬಿಎಸ್ ಶಂಕೆ ಬಂತು. ಹಲವು ರೋಗಿಗಳಲ್ಲಿ ಸಿಕ್ಕಿದ್ದು ಇದೇ ಕ್ಯಾಂಪೈಲೋಬ್ಯಾಕ್ಟರ್. ಬೆರಳು ತಿರುಗಿದ್ದು ಕುಡಿಯುವ ನೀರಿನ ಕಡೆಗೆ.

ವೈರಸ್ಸಿನ ದೊಡ್ಡ ಸಾಕ್ಷಿ ಬಂದದ್ದು ಸಮುದ್ರದ ನಡುವಿನ ದ್ವೀಪಗಳಿಂದ. 2013-14ರಲ್ಲಿ ಫ್ರೆಂಚ್ ಪಾಲಿನೇಷ್ಯದಲ್ಲಿ ಸೊಳ್ಳೆಯಿಂದ ಹರಡುವ ಝೀಕಾ ಜ್ವರ ಬಂತು. ಬಹಳ ಜನರಿಗೆ ಅದು ಲಘು ಜ್ವರ, ಅಷ್ಟೇ. ಆದರೆ ಅದೇ ಹೊತ್ತಿಗೆ 42 ಜನರಿಗೆ ಜಿಬಿಎಸ್ ಆಯಿತು. ರಕ್ತ ಪರೀಕ್ಷೆ ಮಾಡಿದಾಗ ಅವರಲ್ಲಿ 41 ಜನರಲ್ಲಿ ಝೀಕಾ ವಿರುದ್ಧದ ಪ್ರತಿಕಾಯ ಇತ್ತು.

ನಮ್ಮ ಕಡೆಗೆ ಬಂದರೆ, 2006 ಯಾರಿಗೆ ನೆನಪಿಲ್ಲ? ಚಿಕುನ್‌ಗುನ್ಯಾ ಮೂರು ದಶಕದ ನಂತರ ದೇಶಕ್ಕೆ ಮರಳಿ ಬಂದ ವರ್ಷ. ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣ ದಾಖಲಾದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 7.5 ಲಕ್ಷ, ನಮ್ಮ ಕರ್ನಾಟಕದಲ್ಲೇ. ಇಡೀ ಊರಿಗೆ ಊರೇ ಗೋಡೆ ಹಿಡಿದು ನಡೆಯಿತು. ಬಹುತೇಕರದ್ದು ಕೀಲು ನೋವು, ನರದ ಕಾಯಿಲೆ ಅಲ್ಲ. ಆದರೆ ಅದೇ ಅಲೆಯಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿಯೂ ಭಾರತದ ಆಸ್ಪತ್ರೆಗಳಲ್ಲಿಯೂ ಚಿಕುನ್‌ಗುನ್ಯಾದ ನಂತರದ ಜಿಬಿಎಸ್, ಬೆನ್ನುಹುರಿಯ ಊತ ಕಂಡುಬಂದವು. ಎಲ್ಲರೂ ಕಾಲು ನೋವೆಂದು ಮಲಗಿದ ಊರಿನಲ್ಲಿ ಒಬ್ಬನ ಕಾಲು ನಿಜವಾಗಿಯೂ ಬಲ ಕಳೆದುಕೊಂಡರೆ ಗುರುತಿಸುವುದು ಕಷ್ಟ. ನೋವಿನಿಂದ ಕಾಲು ಎತ್ತಲಾಗದಿರುವುದು ಬೇರೆ, ನೋವಿಲ್ಲದಿದ್ದರೂ ಕಾಲು ಮೇಲೇಳದಿರುವುದು ಬೇರೆ.

ಉಸಿರು ಒತ್ತಿದ ವಿದ್ಯಾರ್ಥಿಗಳು

ಲಾಂಡ್ರಿಯ ಕೂಲಿಕಾರ ಸತ್ತದ್ದು ಉಸಿರಾಟ ನಿಂತು. ಜಿಬಿಎಸ್‌ನಲ್ಲಿ ಕಾಲು ಸೋತು ಯಾರೂ ಸಾಯುವುದಿಲ್ಲ. ಬಲಹೀನತೆ ಎದೆಗೆ ಏರಿ ಉಸಿರಾಟದ ಸ್ನಾಯು ಸೋತಾಗ ಸಾವು. ಆದರೆ ನರ ಕೆಲವು ವಾರ ತಿಂಗಳಲ್ಲಿ ತಾನಾಗಿಯೇ ಹೊದಿಕೆ ನೇಯ್ದುಕೊಳ್ಳುತ್ತದೆ. ಅಲ್ಲಿಯವರೆಗೆ ಯಾರಾದರೂ ಉಸಿರು ಹಾಕಿಕೊಟ್ಟರೆ ಮನುಷ್ಯ ಬದುಕುತ್ತಾನೆ.

ಇದನ್ನು ಜಗತ್ತು ಕಲಿತದ್ದು 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ, ಪೋಲಿಯೋ ಸಾಂಕ್ರಾಮಿಕದ ವೇಳೆ. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ನಳಿಗೆ ಹಾಕಿ, ರಬ್ಬರ್ ಚೀಲ ಒತ್ತಿ ಒತ್ತಿ ಗಾಳಿ ತುಂಬಿದ. ಅವಳು ಉಳಿದಳು. ಎಲ್ಲರಿಗೂ ಯಂತ್ರ ಎಲ್ಲಿಂದ ತರುವುದು? ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಹಗಲು ರಾತ್ರಿ, ತಿಂಗಳುಗಟ್ಟಲೆ ಕೈಯಿಂದಲೇ ಚೀಲ ಒತ್ತಿದರು. ಇಂದಿನ ಐಸಿಯು, ವೆಂಟಿಲೇಟರ್ ಎಲ್ಲದರ ಬೇರು ಅಲ್ಲಿದೆ. ಜಿಬಿಎಸ್ ರೋಗಿಗಳಲ್ಲಿ ನಾಲ್ಕರಲ್ಲಿ ಸುಮಾರು ಒಬ್ಬರಿಗೆ ಇಂದೂ ವೆಂಟಿಲೇಟರ್ ಬೇಕಾಗುತ್ತದೆ.

ಕಾಯಿಲೆಯನ್ನೇ ತಡೆಯುವ ಚಿಕಿತ್ಸೆ ಬರಲು ಇನ್ನೂ ಮೂರು ದಶಕ ಹಿಡಿಯಿತು. 1985ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ಪ್ಲಾಸ್ಮಾ ಬದಲಾವಣೆಯಿಂದ ರೋಗಿಗಳು ಬೇಗ ಎದ್ದು ನಡೆಯುತ್ತಾರೆ ಎಂದು ತೋರಿಸಿತು. ನರಕ್ಕೆ ಹೊಡೆಯುವ ಪ್ರತಿಕಾಯಗಳು ರಕ್ತದ ತಿಳಿಯಲ್ಲಿ ಇರುತ್ತವೆ. ಆ ತಿಳಿಯನ್ನು ತೆಗೆದು ಬೇರೆ ದ್ರವ ತುಂಬುವುದೇ ಈ ಚಿಕಿತ್ಸೆ. 1992ರಲ್ಲಿ ನೆದರ್ಲೆಂಡ್ಸ್ ವೈದ್ಯರು, ಸಾವಿರಾರು ಜನರ ರಕ್ತದಿಂದ ತೆಗೆದ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್ ಐದು ದಿನ ಕೊಟ್ಟರೂ ಅಷ್ಟೇ ಫಲ ಸಿಗುತ್ತದೆ ಎಂದು ತೋರಿಸಿದರು. ಪೇಟೆಯ ಆಸ್ಪತ್ರೆಯಲ್ಲಿ 'ಐವಿಐಜಿ' ಎನ್ನುವುದು ಇದನ್ನೇ. ಬೆಲೆ ಲಕ್ಷಗಟ್ಟಲೆ. ಎತ್ತು ಮಾರಿ, ಒಡವೆ ಅಡವಿಟ್ಟು ತರುವ ಔಷಧಿ.

ಅದಕ್ಕೇ 2018ರಲ್ಲಿ ಬಾಂಗ್ಲಾದೇಶದ ಢಾಕಾದಿಂದ ಬಂದ ಸುದ್ದಿ ನಮಗೆ ಮುಖ್ಯ ಅನ್ನಿಸಿತು. ಅಲ್ಲಿನ ವೈದ್ಯರು ದುಬಾರಿ ಯಂತ್ರವಿಲ್ಲದೆ, ಹಾಸಿಗೆ ಪಕ್ಕದಲ್ಲೇ, ಸಣ್ಣ ಪ್ರಮಾಣದಲ್ಲಿ ಪ್ಲಾಸ್ಮಾ ಬದಲಿಸುವ ಅಗ್ಗದ ವಿಧಾನವನ್ನು 20 ರೋಗಿಗಳಲ್ಲಿ ಪ್ರಯತ್ನಿಸಿದರು. ಅದು ಸುರಕ್ಷಿತವಾಗಿ ಮಾಡಬಹುದಾದದ್ದು ಎಂದು ಕಂಡಿತು. ಐವಿಐಜಿಯಷ್ಟೇ ಫಲ ಕೊಡುತ್ತದೆ ಎಂದು ಹೇಳಲು ಇನ್ನೂ ದೊಡ್ಡ ಪ್ರಯೋಗ ಬೇಕು. ಆದರೆ ಬಡವರ ನಾಡಿನ ಚಿಕಿತ್ಸೆಯನ್ನು ಬಡವರ ನಾಡೇ ಹುಡುಕುತ್ತಿದೆ.

ಇನ್ನೊಂದು ವಿಷಯ. ಬೆನ್ನುಹುರಿಯ ಊತಕ್ಕೆ ಮತ್ತು ಅಡೆಮ್‌ಗೆ ವೈದ್ಯರು ಮೊದಲು ಕೊಡುವುದು ಸ್ಟೀರಾಯ್ಡ್. ಜಿಬಿಎಸ್‌ಗೆ ಅದೇ ಸ್ಟೀರಾಯ್ಡ್ ಕೆಲಸ ಮಾಡುವುದಿಲ್ಲ ಎಂದು ಪ್ರಯೋಗಗಳೇ ತೋರಿಸಿವೆ. ನೋಡಲು ಒಂದೇ ತರಹದ ಕಾಲು ಸೋಲಿಗೆ ಎರಡು ಬೇರೆ ಔಷಧಿ. ಹಾಗಾಗಿ 'ಒಂದು ಸೂಜಿ ಚುಚ್ಚಿ ಬಿಡಿ ಡಾಕ್ಟ್ರೇ' ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಮುಗಿಸುವ ಕಾಯಿಲೆಗಳಲ್ಲ ಇವು.

ಹೆದರಿಕೆಯ ತೂಕ

1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರ ಹರಡೀತೆಂದು ಸುಮಾರು 4.5 ಕೋಟಿ ಜನರಿಗೆ ಲಸಿಕೆ ಹಾಕಿದರು. ಅದರಿಂದ ಲಕ್ಷಕ್ಕೆ ಸುಮಾರು ಒಬ್ಬರಿಗೆ ಹೆಚ್ಚುವರಿಯಾಗಿ ಜಿಬಿಎಸ್ ಬಂತು. ಹೆದರಿದಷ್ಟು ಹಂದಿಜ್ವರ ಬರಲೇ ಇಲ್ಲ. ಡಿಸೆಂಬರ್‌ನಲ್ಲಿ ಲಸಿಕೆ ನಿಲ್ಲಿಸಿದರು. ಆಗಿನಿಂದ ಪ್ರತಿ ಹೊಸ ಲಸಿಕೆಯ ಮೇಲೂ ಈ ಕಾಯಿಲೆಗಾಗಿ ಕಣ್ಣಿಟ್ಟು ಕಾಯುತ್ತಾರೆ. ನಂತರದ ಫ್ಲೂ ಲಸಿಕೆಗಳಲ್ಲಿ ಈ ಅಪಾಯ ಕಂಡರೂ ಹತ್ತು ಲಕ್ಷಕ್ಕೆ ಒಬ್ಬಿಬ್ಬರು ಮಾತ್ರ. ಫ್ಲೂ ಜ್ವರವೇ ಬಂದರೆ ಅಪಾಯ ಅದಕ್ಕಿಂತ ಹೆಚ್ಚು.

ಲಸಿಕೆಗೂ ಅಪಾಯ ಇದೆಯೇ ಎಂದು ಕೇಳಿದರೆ 'ಇಲ್ಲವೇ ಇಲ್ಲ' ಎನ್ನುವುದು ಸುಳ್ಳು. ತಕ್ಕಡಿಯ ಎರಡೂ ತಟ್ಟೆ ತೋರಿಸಬೇಕು.

ನಾಯಿ ಕಡಿತದ ಲಸಿಕೆಯ ವಿಷಯದಲ್ಲಂತೂ ತಟ್ಟೆಯೇ ಬದಲಾಗಿದೆ. 2004ರ ಡಿಸೆಂಬರ್‌ನಲ್ಲಿ ಭಾರತ ಕುರಿಯ ಮಿದುಳಿನ ಲಸಿಕೆಯನ್ನು ನಿಲ್ಲಿಸಿತು. ರಿವರ್ಸ್‌ನ ಮಂಗಗಳು ಉತ್ತರ ಹೇಳಿ ಸುಮಾರು 70 ವರ್ಷ ಆಗಿತ್ತು. ಕಾರಣ ಗೊತ್ತಿದ್ದೂ ಅಷ್ಟು ತಡವಾದದ್ದೇಕೆ? ಹೊಸ ಲಸಿಕೆ ದುಬಾರಿ, ಹಳೆಯದು ಅಗ್ಗ. ಆ ಎಪ್ಪತ್ತು ವರ್ಷದ ಬಡ್ಡಿ ಕಟ್ಟಿದವರು ನಮ್ಮಂಥ ಊರುಗಳ ಜನ. ಇದನ್ನು ಮರೆಯಬಾರದು ಎಂದೇ ಈ ಲೇಖನ.

ಈಗಿನ ಲಸಿಕೆಯ ವೈರಸ್ಸನ್ನು ಬೆಳೆಸುವುದು ಪ್ರಯೋಗಾಲಯದ ಜೀವಕೋಶಗಳಲ್ಲಿ. ಅದರಲ್ಲಿ ಕುರಿಯ ಮಿದುಳಿಲ್ಲ, ನರದ ಹೊದಿಕೆ ಇಲ್ಲ. ಹೊಟ್ಟೆಗಲ್ಲ, ತೋಳಿಗೆ. ಹದಿನಾಲ್ಕಲ್ಲ, ನಾಲ್ಕೋ ಐದೋ ಸಲ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಏನು ನೋಡಬೇಕು

ಜ್ವರ ಅಥವಾ ಭೇದಿ ಹೋಗಿ ಒಂದರಿಂದ ಆರು ವಾರದೊಳಗೆ ಎರಡೂ ಪಾದಗಳಲ್ಲಿ ಜೋಮು. ಚಪ್ಪಲಿ ಜಾರುವುದು. ಕುಕ್ಕರಗಾಲಲ್ಲಿ ಕೂತರೆ ಏಳಲಾಗದಿರುವುದು. ದಿನದಿಂದ ದಿನಕ್ಕೆ ಅದು ಮೇಲೇರುವುದು. ಇದು ಜಿಬಿಎಸ್ ಇರಬಹುದು. ಸೊಂಟಕ್ಕೆ ಹಗ್ಗ ಬಿಗಿದಂತೆ ಅನ್ನಿಸಿ, ಅದರ ಕೆಳಗೆ ಸ್ಪರ್ಶ ತಿಳಿಯದೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಇರಬಹುದು. ಎರಡರಲ್ಲೂ ಎಣ್ಣೆ ತಿಕ್ಕಿಸುವುದಕ್ಕೆ, ತಾಯಿತ ಕಟ್ಟಿಸುವುದಕ್ಕೆ ಸಮಯ ಇಲ್ಲ. ಮಾತು ಕ್ಷೀಣವಾದರೆ, ನೀರು ಗಂಟಲಲ್ಲಿ ಸಿಕ್ಕಿಕೊಂಡರೆ, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿದ್ದರೆ ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಕರೆ ಮಾಡಿ, ವೆಂಟಿಲೇಟರ್ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಹದಿನೈದು ವರ್ಷದೊಳಗಿನ ಮಗುವಿಗೆ ಹೀಗಾದರೆ ಆಶಾ ಕಾರ್ಯಕರ್ತೆಗೂ ಹೇಳಿ. ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಆಯಿತು. ಆದರೂ ಇವತ್ತಿಗೂ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತರೆ ಮಲ ಪರೀಕ್ಷೆ ಮಾಡಿಸುವ ವ್ಯವಸ್ಥೆ ಇದೆ. ಪೋಲಿಯೋ ಅಲ್ಲವೆಂದು ಖಚಿತವಾದ ಮಕ್ಕಳಲ್ಲಿ ಬಹಳ ಜನರದ್ದು ಜಿಬಿಎಸ್.

ಸಮಾಧಾನದ ಮಾತೂ ಇದೆ. ಜಿಬಿಎಸ್ ಬಂದ ಹತ್ತು ಜನರಲ್ಲಿ ಸುಮಾರು ಎಂಟು ಜನ ಆರು ತಿಂಗಳೊಳಗೆ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ವೆಂಟಿಲೇಟರ್‌ನಲ್ಲಿ ಇದ್ದವರೂ ಹೊಲಕ್ಕೆ ಮರಳಿದ್ದಾರೆ. ಬೇಲಿ ಮೇಯ್ದ ಹೊಲವೂ ಮತ್ತೆ ಚಿಗುರುತ್ತದೆ, ಆದರೆ ಹೊಲ ಉಳಿದಿರಬೇಕು.

ಮುಂದಿನ ಸಲ ಮನೆಯ ಹಿರಿಯರು ಹೊಟ್ಟೆ ಮುಟ್ಟಿಕೊಂಡು ಹದಿನಾಲ್ಕು ಇಂಜೆಕ್ಷನ್ನಿನ ಕಥೆ ಹೇಳಿದಾಗ ತಡೆಯಬೇಡಿ, ಪೂರ್ತಿ ಕೇಳಿ. 'ನೀವು ಹೇಳಿದ್ದು ನಿಜ' ಎನ್ನಿ. ಆಮೇಲೆ, 'ಈಗ ಅದು ತೋಳಿಗೆ ಹಾಕೋದು, ಕುರಿ ಮಿದುಳು ಇಲ್ಲ' ಎಂದು ಪಕ್ಕದಲ್ಲಿ ಕೂತ ಮೊಮ್ಮಕ್ಕಳಿಗೂ ಕೇಳುವ ಹಾಗೆ ಹೇಳಿ.